ಕಟ್ಟಡ ಗುತ್ತಿಗೆದಾರರು ದುಡಿದ ಹಣವನ್ನು ಕಾಪಾಡಿಕೊಳ್ಳುವ ಬಗೆ: ಕರಾರಿನಿಂದ ಠೇವಣಿ ವಾಪಸಾಗುವವರೆಗೆ

ಎರೆ ಭೂಮಿಯಲ್ಲಿ ಬುನಾದಿ ತೋಡಿಸಿದವರಿಗೆಲ್ಲ ಇದು ಗೊತ್ತಿರುತ್ತದೆ. ನಕ್ಷೆಯಲ್ಲಿ ಐದು ಅಡಿ ಎಂದಿರುತ್ತದೆ, ಗಟ್ಟಿ ನೆಲ ಸಿಗುವುದು ಎಂಟನೆಯ ಅಡಿಗೆ. ಮಾಲೀಕರು ಗುಂಡಿಯ ಅಂಚಿನಲ್ಲಿ ನಿಂತು "ತೋಡಸ್ರಿ, ಮುಂದ ನೋಡೋಣಂತ" ಎನ್ನುತ್ತಾರೆ, ನಾವು ತೋಡಿಸುತ್ತೇವೆ. ಆ ಮೂರು ಅಡಿಯ ಅಗೆತ, ಕಾಂಕ್ರೀಟು, ಕಬ್ಬಿಣ, ಕೂಲಿ ಎಲ್ಲವೂ ಮಣ್ಣಿನೊಳಗೆ ಮುಚ್ಚಿಹೋಗುತ್ತವೆ. ವರ್ಷದ ನಂತರ ಕೊನೆಯ ಬಿಲ್ಲಿನಲ್ಲಿ ಆ ಮೊತ್ತ ಕಂಡಾಗ "ಇದನ್ನ ಮಾಡಂತ ಯಾರು ಹೇಳಿದ್ರು?" ಎಂಬ ಪ್ರಶ್ನೆ ಬರುತ್ತದೆ. ಸಿಂಧನೂರು ತಾಲ್ಲೂಕಿನ ಒಂದು ಮನೆಯ ಕೆಲಸದಲ್ಲಿ ನನಗೆ ಹೀಗೆಯೇ ಆಯಿತು. ಹಣ ಕೇಳಲು ವಕೀಲರ ಬಳಿ ಹೋದಾಗ ಅವರು ಕೇಳಿದ ಮೊದಲ ಮಾತು "ಅಳತೆಗೆ ಸಹಿ ಎಲ್ಲಿದೆ?" ಎಂಬುದು. ನನ್ನಲ್ಲಿ ಇದ್ದದ್ದು ನೆನಪು ಮಾತ್ರ.

ಅಂದಿನಿಂದ ನಾನು ಕಲಿತದ್ದನ್ನು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಸಣ್ಣ ಮತ್ತು ಮಧ್ಯಮ ಗುತ್ತಿಗೆದಾರರಿಗಾಗಿ, ಮೇಸ್ತ್ರಿ ಕೆಲಸದಿಂದ ಗುತ್ತಿಗೆಗೆ ಬಂದವರಿಗಾಗಿ, ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಹಣದ ಹಕ್ಕು ಕೆಲಸದ ದಿನವೇ ಕಾಗದದ ಮೇಲೆ ಮೂಡಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನ್ಯಾಯಾಲಯ ಆ ಕಾಗದವನ್ನು ಓದಿ ತೀರ್ಪು ಕೊಡುತ್ತದೆಯೇ ಹೊರತು ಇಲ್ಲದ ಕಾಗದವನ್ನು ಸೃಷ್ಟಿಸಿಕೊಡಲಾರದು.

ಮೊದಲ ಹೆಜ್ಜೆ: ಕೆಲಸ ಹಿಡಿಯುವ ಮುನ್ನ ಕರಾರು

1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯಿದೆ. ಆದರೆ ಅದನ್ನು ಸಾಬೀತುಪಡಿಸುವ ಹೊರೆ ಹಣ ಕೇಳುವವರ ಮೇಲಿರುತ್ತದೆ. ಆದ್ದರಿಂದ ಎಷ್ಟೇ ಪರಿಚಯದವರಾಗಿರಲಿ, ಬೀಗರೇ ಆಗಿರಲಿ, ಇ-ಸ್ಟಾಂಪ್ ಕಾಗದದ ಮೇಲೆ ಎರಡು ಪ್ರತಿ ಮಾಡಿಸಿ ಪ್ರತಿ ಪುಟಕ್ಕೂ ಇಬ್ಬರ ಸಹಿ ಹಾಕಿಸಿಕೊಳ್ಳಬೇಕು.

ಸಹಿ ಯಾರದು ಎಂಬುದನ್ನು ಮೊದಲು ವಿಚಾರ ಮಾಡಿ. ನಮ್ಮ ಕಡೆ ಜಾಗ ತಂದೆಯ ಹೆಸರಿನಲ್ಲಿರುತ್ತದೆ, ಹಣ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ನೌಕರಿಯಲ್ಲಿರುವ ಮಗನ ಕೈಯಲ್ಲಿರುತ್ತದೆ, ಸೈಟಿನಲ್ಲಿ ನಿಂತು ಹೇಳುವವರು ಮಾವನೋ ಭಾವನೋ ಆಗಿರುತ್ತಾರೆ. ಜಾಗದ ಖಾತಾ ಉತಾರ ನೋಡಿ, ಜಾಗದ ಮಾಲೀಕರೂ ಹಣ ಕೊಡುವವರೂ ಇಬ್ಬರೂ ಸಹಿ ಮಾಡುವಂತೆ ನೋಡಿಕೊಳ್ಳಬೇಕು. ಸೈಟಿನಲ್ಲಿ ಸೂಚನೆ ಕೊಡುವ ಅಧಿಕಾರ ಯಾರಿಗೆ ಎಂಬುದನ್ನೂ ಒಂದು ವಾಕ್ಯದಲ್ಲಿ ಬರೆದುಬಿಡಬೇಕು. ಇಲ್ಲದಿದ್ದರೆ ಮುಂದೆ "ಅವರು ಹೇಳಿದ್ದಕ್ಕೆ ನಾನು ಹೊಣೆಯಲ್ಲ" ಎಂಬ ಮಾತು ಕೇಳಬೇಕಾಗುತ್ತದೆ.

ಎರಡನೆಯದು ಅಳತೆಯ ರೀತಿ. ಚದರಕ್ಕೆ ಇಷ್ಟು ಎಂದು ದರ ಮಾತಾಡುವುದು ರೂಢಿ, ಒಂದು ಚದರವೆಂದರೆ ನೂರು ಚದರ ಅಡಿ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಬರುವುದು ಏನನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬಲ್ಲಿ. ಬಾಲ್ಕನಿ ಪೂರ್ತಿಯೋ ಅರ್ಧವೋ, ಮೆಟ್ಟಿಲಿನ ಮೇಲಿನ ಕೋಣೆ ಲೆಕ್ಕಕ್ಕುಂಟೋ, ನೀರಿನ ಸಂಪು, ಕಾಂಪೌಂಡು, ಪ್ಯಾರಾಪೆಟ್ ಗೋಡೆ ದರದೊಳಗೋ ಹೊರಗೋ ಎಂಬುದನ್ನು ಬರೆಯಬೇಕು. ಲೇಬರ್ ಕಾಂಟ್ರಾಕ್ಟೋ ಸಾಮಾನು ಸಮೇತವೋ, ಸಾಮಾನು ಸಮೇತವಾದರೆ ಸಿಮೆಂಟು ಮತ್ತು ಕಬ್ಬಿಣ ಯಾವ ಕಂಪನಿಯದು, ಅವುಗಳ ದರ ಏರಿದರೆ ಆ ಹೊರೆ ಯಾರದು, ಉಸುಕು ಮತ್ತು ಕಡಿ ಎಲ್ಲಿಂದ ಬರಬೇಕು, ನೀರು ಮತ್ತು ಕರೆಂಟಿನ ಖರ್ಚು ಯಾರದು ಎಂಬುದೆಲ್ಲ ಅದರಲ್ಲಿರಬೇಕು. ಸಿರುಗುಪ್ಪ, ಸಿಂಧನೂರು, ಕಾರಟಗಿ ಕಡೆಯ ಎರೆ ನೆಲವಾದರೆ ಬುನಾದಿಗೆ ಒಂದು ಪ್ರತ್ಯೇಕ ಕಲಂ ಅಗತ್ಯ: ನಕ್ಷೆಯ ಆಳಕ್ಕಿಂತ ಹೆಚ್ಚು ತೋಡಬೇಕಾದರೆ ಪ್ರತಿ ಘನ ಅಡಿಗೆ ಇಂತಿಷ್ಟು ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಕೆಲಸ ಮಾಡಿ ರೂಢಿಯಾದವರು ಇದನ್ನು ಮರೆಯುತ್ತಾರೆ.

ಮೂರನೆಯದು ಕಂತು. ಬುನಾದಿ, ಪ್ಲಿಂತ್, ಲಿಂಟಲ್, ಸ್ಲ್ಯಾಬ್, ಪ್ಲಾಸ್ಟರ್, ನೆಲಹಾಸು ಎಂದು ಹಂತ ಮಾಡಿ "ಈ ಹಂತ ಮುಗಿದ ಏಳು ದಿನದೊಳಗೆ, ಮುಂದಿನ ಹಂತ ಆರಂಭಿಸುವ ಮೊದಲು" ಇಂತಿಷ್ಟು ಎಂದು ಬರೆಯಬೇಕು. "ಮುಂದಿನ ಹಂತ ಆರಂಭಿಸುವ ಮೊದಲು" ಎಂಬ ಪದಗಳ ಬಲ ದೊಡ್ಡದು. ಒಬ್ಬರು ಮೊದಲು ನಡೆಸಿಕೊಡಬೇಕಾದ ಮಾತನ್ನು ನಡೆಸದಿದ್ದರೆ, ಅವರು ಎದುರಿನವರ ಪಾಲಿನ ಕೆಲಸವನ್ನು ಹಕ್ಕಿನಿಂದ ಕೇಳುವಂತಿಲ್ಲ, ತಮ್ಮ ತಪ್ಪಿನಿಂದಾದ ನಷ್ಟವನ್ನೂ ತುಂಬಿಕೊಡಬೇಕು ಎಂದು ಕರಾರು ಕಾಯ್ದೆಯ ಕಲಂ 54 ಹೇಳುತ್ತದೆ. ಹೀಗೆ ಬರೆದಿದ್ದರೆ ಕಂತು ಬಾರದಾಗ ಕೆಲಸ ನಿಲ್ಲಿಸಿದ ನೀವು ಕರಾರು ಮುರಿದವರಾಗುವುದಿಲ್ಲ. ಲಿಖಿತ ಸೂಚನೆ ಕೊಟ್ಟು ಹತ್ತು ದಿನ ಕಾದು ಕೆಲಸ ನಿಲ್ಲಿಸಬಹುದು ಎಂಬ ಮಾತನ್ನೂ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ಯಾವ ಕಾಲಕ್ಕೂ ಒಂದು ಕಂತಿಗಿಂತ ಹೆಚ್ಚಿನ ಕೆಲಸ ನಿಮ್ಮ ಕೈಹಣದಲ್ಲಿ ನಿಲ್ಲದಂತೆ ಹಂತಗಳನ್ನು ಸಣ್ಣದಾಗಿಯೇ ಇಡಿ.

ತಡವಾದ ಹಣಕ್ಕೆ ವಾರ್ಷಿಕ ಬಡ್ಡಿ ಎಷ್ಟು ಎಂಬುದನ್ನು ಅಂಕಿಯಲ್ಲಿ ಬರೆಯಬೇಕು. ಕಂಪನಿಗಳು ತಾವೇ ಅಚ್ಚು ಹಾಕಿಸಿದ ಕರಾರು ಮುಂದಿಟ್ಟರೆ, ಅದರಲ್ಲಿ "ಆರು ತಿಂಗಳೊಳಗೆ ಕ್ಲೇಮ್ ಮಾಡದಿದ್ದರೆ ಹಕ್ಕು ಹೋಗುತ್ತದೆ" ಎಂಬಂಥ ಮಾತಿದ್ದರೆ ಹೆದರಬೇಕಾಗಿಲ್ಲ. ಕಾನೂನು ಕೊಟ್ಟ ಕಾಲಮಿತಿಯನ್ನು ಮೊಟಕು ಮಾಡುವ ಅಂಥ ಷರತ್ತು ಕಲಂ 28ರ ಪ್ರಕಾರ ಅನೂರ್ಜಿತ. ಆರ್ಬಿಟ್ರೇಷನ್ ಷರತ್ತು, ಅಂದರೆ ತಕರಾರನ್ನು ನ್ಯಾಯಾಲಯದ ಬದಲು ಪಂಚರ ಮುಂದೆ ಬಗೆಹರಿಸಿಕೊಳ್ಳುವ ಮಾತು, ಇದ್ದರೆ ಮಾತ್ರ ಎಚ್ಚರದಿಂದ ಓದಬೇಕು, ಏಕೆಂದರೆ ಅದಕ್ಕೆ ಸಹಿ ಮಾಡಿದ ಮೇಲೆ ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯದ ಬಾಗಿಲು ಮುಚ್ಚಿದಂತೆಯೇ. ಕಂಪನಿಯ ನಿರ್ದೇಶಕರೇ ಪಂಚರಾಗುವರು ಎಂದು ಬರೆದಿದ್ದರೆ ಅದು ಆರ್ಬಿಟ್ರೇಷನ್ ಕಾಯ್ದೆಯ 2015ರ ತಿದ್ದುಪಡಿಯ ನಂತರ ನಿಲ್ಲುವುದಿಲ್ಲ. ವ್ಯಾಜ್ಯದ ಪಕ್ಷಕಾರರ ನೌಕರರು, ನಿರ್ದೇಶಕರು ಪಂಚರಾಗಲು ಅನರ್ಹರು.

ಎರಡನೆಯ ಹೆಜ್ಜೆ: ಕೆಲಸ ನಡೆಯುವಾಗ ಬರೆಯಬೇಕಾದದ್ದು

ನನ್ನ ಅನುಭವದಲ್ಲಿ ಹಣ ಹೆಚ್ಚು ಮುಳುಗುವುದು ಹೆಚ್ಚುವರಿ ಕೆಲಸದಲ್ಲಿ. ಮೂಲ ದರದ ಬಗ್ಗೆ ಜಗಳವಾಡುವವರು ಕಡಿಮೆ. "ಅಡಿಗೆಮನಿ ಕಟ್ಟಿ ಇನ್ನೊಂದೀಟು ಉದ್ದ ಮಾಡ್ರಿ", "ಮ್ಯಾಲೊಂದು ಖೋಲಿ ಎತ್ತಿಬಿಡ್ರಿ" ಎಂಬ ಮಾತುಗಳೇ ಲಕ್ಷಗಟ್ಟಲೆ ಆಗುತ್ತವೆ. ಇದಕ್ಕೆ ಒಂದು ಕಾರ್ಬನ್ ಹಾಳೆಯ ಪುಸ್ತಕ ಸಾಕು. ದಿನಾಂಕ, ಕೆಲಸದ ವಿವರ, ಒಪ್ಪಿದ ದರ, ಹೇಳಿದವರ ಸಹಿ. ಆ ಸಹಿ ಬೀಳುವವರೆಗೆ ಗೌಂಡಿಗೆ ಆ ಕೆಲಸ ಹೇಳಬಾರದು. ಸಹಿ ಕೇಳಲು ಸಂಕೋಚವೆನಿಸಿದರೆ ಅದೇ ಸಂಜೆ ವಾಟ್ಸಾಪ್‌ನಲ್ಲಿ "ಇಂದು ತಾವು ತಿಳಿಸಿದಂತೆ ಬುನಾದಿಯನ್ನು ಎಂಟು ಅಡಿ ತೋಡಿಸುತ್ತಿದ್ದೇವೆ, ಹೆಚ್ಚುವರಿ ಮೂರು ಅಡಿಗೆ ಕರಾರಿನ ದರದಂತೆ ಇಂತಿಷ್ಟು ಆಗುತ್ತದೆ" ಎಂದು ಗೌರವದಿಂದ ಬರೆದು ಕಳಿಸಿ, ಉತ್ತರ ಬರುವಂತೆ ನೋಡಿಕೊಳ್ಳಿ. ಇಂಥ ಸಂದೇಶಗಳು ಸಾಕ್ಷ್ಯವಾಗುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಅವುಗಳ ಜೊತೆ ನಿಗದಿತ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ಆದ್ದರಿಂದ ಮೊಬೈಲ್ ಬದಲಿಸುವಾಗ ಹಳೆಯದನ್ನು ಮಾರಿಬಿಡಬಾರದು.

ಮಣ್ಣಿನೊಳಗೆ, ಕಾಂಕ್ರೀಟಿನೊಳಗೆ ಮುಚ್ಚಿಹೋಗುವ ಕೆಲಸಕ್ಕೆ ಎರಡು ಪಟ್ಟು ಎಚ್ಚರ ಬೇಕು. ಮುಚ್ಚುವ ಮೊದಲು ಟೇಪು ಹಿಡಿದು ಆಳ ಕಾಣುವಂತೆ ಫೋಟೊ ತೆಗೆಯಬೇಕು, ಕಬ್ಬಿಣ ಕಟ್ಟಿದ ಮೇಲೆ ಸರಳಿನ ಅಂತರ ಕಾಣುವಂತೆ ಇನ್ನೊಂದು ತೆಗೆಯಬೇಕು. ಮಾಲೀಕರ ಇಂಜಿನಿಯರು ಇದ್ದರೆ ಅಳತೆ ಹಾಳೆಗೆ ಅವರ ಸಹಿಯೂ ಇರಲಿ.

ತಡವಾದಾಗಲೂ ಕಾರಣವನ್ನು ಆ ವಾರವೇ ಬರೆದು ತಿಳಿಸಬೇಕು. ಯಾವ ಜಾಗದಲ್ಲಿ ದುರಸ್ತಿ ಬೇಕೆಂದು ಮನೆಯವರು ತೋರಿಸಲೇ ಇಲ್ಲವಾದರೆ, ಅದರಿಂದಾದ ಲೋಪಕ್ಕೆ ದುರಸ್ತಿ ಮಾಡಬೇಕಾದವರು ಹೊಣೆಯಲ್ಲ ಎಂದು ಕರಾರು ಕಾಯ್ದೆಯ ಕಲಂ 67 ಉದಾಹರಣೆ ಸಮೇತ ಹೇಳುತ್ತದೆ. ಬಾಗಿಲು ಕಿಟಕಿ ತರಿಸಿಕೊಡುತ್ತೇನೆಂದು ಹೇಳಿ ಎರಡು ತಿಂಗಳು ತರದ ಮಾಲೀಕರಿಗೂ ಇದೇ ತತ್ವ ಹೊಂದುತ್ತದೆ. ಕೆಲಸ ತಡವಾಯಿತೆಂದು ದಂಡ ಹಿಡಿಯುವ ಷರತ್ತು ಕರಾರಿನಲ್ಲಿದ್ದರೂ, ಕಲಂ 74ರ ಪ್ರಕಾರ ಸಿಗುವುದು ಆ ಮೊತ್ತವನ್ನು ಮೀರದ ನ್ಯಾಯಯುತ ಪರಿಹಾರ ಮಾತ್ರ. ಬರೆದ ಅಂಕಿಯಷ್ಟನ್ನೂ ಕಣ್ಣುಮುಚ್ಚಿ ಹಿಡಿದುಕೊಳ್ಳುವ ಹಕ್ಕು ಅವರಿಗಿಲ್ಲ.

ಮೂರನೆಯ ಹೆಜ್ಜೆ: ಬಿಲ್ಲು, ಮತ್ತು ಅದು ತಲುಪಿದ್ದಕ್ಕೆ ಗುರುತು

ಪ್ರತಿ ಹಂತಕ್ಕೂ ಕ್ರಮಸಂಖ್ಯೆ ಇರುವ ಬಿಲ್ಲು ಕೊಡಿ. ಬಂದದ್ದೆಷ್ಟು, ಬಾಕಿಯೆಷ್ಟು ಎಂಬುದು ಪ್ರತಿ ಬಿಲ್ಲಿನ ಕೆಳಗೂ ಇರಲಿ. ಬಿಲ್ಲು ಕೊಟ್ಟದ್ದಕ್ಕೆ ನಕಲಿನ ಮೇಲೆ ದಿನಾಂಕ ಸಮೇತ ಸಹಿ ಪಡೆಯಬೇಕು, ಕೊಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ದಾಖಲೆಯನ್ನು ಇಟ್ಟುಕೊಳ್ಳಬೇಕು. ನಗದು ಪಡೆದರೂ ರಸೀದಿ ಕೊಡಿ. ರಸೀದಿ ಕೊಡದ ನಗದು ಮುಂದೆ ನಿಮ್ಮ ಲೆಕ್ಕವನ್ನೇ ಅನುಮಾನಕ್ಕೆ ತಳ್ಳುತ್ತದೆ.

ಕೊನೆಯ ಹಣ ಕೊಡುವಾಗ "ಇನ್ನು ಯಾವ ಬಾಕಿಯೂ ಇಲ್ಲ" ಎಂದು ಬರೆಸಿಕೊಳ್ಳುವ ರೂಢಿ ಕಂಪನಿಗಳಲ್ಲೂ ಇಲಾಖೆಗಳಲ್ಲೂ ಇದೆ. ಹಣದ ತುರ್ತಿನಲ್ಲಿ ಸಹಿ ಮಾಡಲೇಬೇಕಾದ ಸ್ಥಿತಿ ಬಂದರೆ "ಆಕ್ಷೇಪಣೆಗೆ ಒಳಪಟ್ಟು" ಎಂದು ಬರೆದು ಸಹಿ ಮಾಡಬೇಕು. ಅದಕ್ಕೂ ಅವಕಾಶ ಕೊಡದಿದ್ದರೆ ಮರುದಿನವೇ, ಒತ್ತಡದಲ್ಲಿ ಸಹಿ ಮಾಡಿದ್ದೇನೆ ಎಂದು ವಿವರಿಸಿ ಪತ್ರ ಕಳಿಸಬೇಕು. ಬಲವಂತದಿಂದ ಪಡೆದ ಅಂಥ ಪತ್ರ ಹಕ್ಕನ್ನು ಅಳಿಸಲಾರದು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆದರೆ ಎರಡು ವರ್ಷ ಸುಮ್ಮನಿದ್ದು ಆಮೇಲೆ ಬಲವಂತ ಎಂದರೆ ನಂಬುವವರು ಸಿಗುವುದಿಲ್ಲ.

ನಾಲ್ಕನೆಯ ಹೆಜ್ಜೆ: ಮೂರು ವರ್ಷದ ಲೆಕ್ಕ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. 1963ರ ಕಾಲಮಿತಿ ಕಾಯ್ದೆಯ ಅನುಸೂಚಿಯ 18ನೆಯ ನಮೂದಿನಂತೆ, ಹಣ ಕೊಡುವ ದಿನ ಗೊತ್ತುಮಾಡದೆ ಮಾಡಿಸಿಕೊಂಡ ಕೆಲಸದ ಬೆಲೆಗಾಗಿ ದಾವೆ ಹೂಡಲು, ಕೆಲಸ ಮುಗಿದ ದಿನದಿಂದ ಮೂರು ವರ್ಷ ಮಾತ್ರ ಅವಕಾಶ. ಕಂತಿನ ದಿನ ಗೊತ್ತಾಗಿದ್ದರೆ ಆ ದಿನ ತಪ್ಪಿದಲ್ಲಿಂದ ಮೂರು ವರ್ಷ. 2023ರ ಮಾರ್ಚ್ 15ರಂದು ಮುಗಿದ ಕೆಲಸಕ್ಕೆ 2026ರ ಮಾರ್ಚ್ ಮಧ್ಯದಲ್ಲಿ ಬಾಗಿಲು ಮುಚ್ಚುತ್ತದೆ.

ತುಂಗಭದ್ರಾ ಕಾಲುವೆಯ ನೀರಿನ ಪ್ರದೇಶದಲ್ಲಿ ಮನೆ ಕಟ್ಟಿಸುವ ರೈತರ ಹಣ ಭತ್ತದ ಜೊತೆ ಬರುತ್ತದೆ. "ಭತ್ತ ಮಾರಿದ ಮ್ಯಾಲ ಕೊಡ್ತೀನ್ರಿ" ಎಂಬುದು ಬಹುಪಾಲು ನಿಜವಾದ ಮಾತೇ, ಕಾಲುವೆಗೆ ನೀರು ಬಾರದ ವರ್ಷ ಅವರ ಕೈಯಲ್ಲಿ ಹಣ ಇರುವುದಿಲ್ಲ. ಅದಕ್ಕಾಗಿ ಕಾಯುವುದು ಮನುಷ್ಯತ್ವ. ಆದರೆ ಬಾಯಿಮಾತಿನ ವಾಯಿದೆಯಿಂದ ಕಾಲಮಿತಿ ಒಂದು ದಿನವೂ ಮುಂದಕ್ಕೆ ಹೋಗುವುದಿಲ್ಲ ಎಂಬುದನ್ನು ಅರಿತು ಕಾಯಬೇಕು. ಒಬ್ಬ ಹಿರಿಯ ಗುತ್ತಿಗೆದಾರರು ನಾಲ್ಕು ಸುಗ್ಗಿ ಹೀಗೆ ಕಾದರು. ಮಾಲೀಕರು ಒಳ್ಳೆಯವರೇ, ಆದರೆ ಅವರು ತೀರಿಕೊಂಡ ಮೇಲೆ ಮಕ್ಕಳು ಕಾಗದ ಕೇಳಿದರು, ಕಾಗದ ಇರಲಿಲ್ಲ, ಅವಧಿಯೂ ಮೀರಿತ್ತು.

ಕಾಯುವುದಾದರೆ ಹೀಗೆ ಕಾಯಿರಿ. ಮೂರು ವರ್ಷ ಮುಗಿಯುವ ಮೊದಲೇ "ಇಂಥ ಕೆಲಸದ ಬಾಬತ್ತು ಇಂಥವರಿಗೆ ಇಂತಿಷ್ಟು ಹಣ ಕೊಡುವುದು ಬಾಕಿಯಿದೆ" ಎಂಬ ಎರಡು ಸಾಲಿಗೆ ಅವರ ಸಹಿ ಮತ್ತು ದಿನಾಂಕ ಪಡೆಯಬೇಕು. ಅದೇ ಕಾಲಮಿತಿ ಕಾಯ್ದೆಯ ಕಲಂ 18ರ ಪ್ರಕಾರ ಆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. 2025ರ ಜನವರಿ 10ರಂದು ಬರೆಸಿಕೊಂಡರೆ 2028ರ ಜನವರಿಯವರೆಗೆ. ಬಾಕಿಯಲ್ಲಿ ಒಂದಿಷ್ಟು ಕೊಟ್ಟರೂ ಕಲಂ 19ರಂತೆ ಅವಧಿ ಹೊಸದಾಗುತ್ತದೆ, ಆದರೆ ಕೊಟ್ಟದ್ದಕ್ಕೆ ಅವರ ಕೈಬರಹ ಅಥವಾ ಸಹಿಯ ಗುರುತು ಇರಬೇಕು. ಅವಧಿ ಮೀರಿಹೋಗಿದ್ದರೂ ಒಂದು ದಾರಿ ಉಳಿದಿದೆ: ಕಾಲ ಮೀರಿದ ಬಾಕಿಯನ್ನು ಕೊಡುತ್ತೇನೆಂದು ಅವರು ಸಹಿ ಮಾಡಿ ಬರೆದುಕೊಟ್ಟರೆ, ಕರಾರು ಕಾಯ್ದೆಯ ಕಲಂ 25ರಂತೆ ಅದು ಹೊಸ ಕರಾರಾಗುತ್ತದೆ.

ಐದನೆಯ ಹೆಜ್ಜೆ: ನೋಟಿಸು, ನಂತರ ಸರಿಯಾದ ಬಾಗಿಲು

ವಕೀಲರ ಮೂಲಕ ಕಳಿಸುವ ನೋಟಿಸಿನಲ್ಲಿ ಬಾಕಿ ಮೊತ್ತ, ಅದರ ವಿವರ, ಕೊಡಲು ಹದಿನೈದು ದಿನದ ಗಡುವು ಇರುವುದರ ಜೊತೆಗೆ "ಬಡ್ಡಿಯನ್ನೂ ಕೇಳುತ್ತೇವೆ" ಎಂಬ ಸಾಲು ಇರಲೇಬೇಕು. ಕರಾರಿನಲ್ಲಿ ಬಡ್ಡಿ ಬರೆದಿಲ್ಲವಾದರೆ, 1978ರ ಬಡ್ಡಿ ಕಾಯ್ದೆಯಂತೆ ಅದನ್ನು ಲಿಖಿತವಾಗಿ ಕೇಳಿದ ದಿನದಿಂದಲೇ ಲೆಕ್ಕ ಹಿಡಿಯಲು ನ್ಯಾಯಾಲಯಕ್ಕೆ ಅವಕಾಶವಿದೆ.

ಮುಂದಿನ ದಾರಿ ನಿಮ್ಮ ಕೈಯಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ.

ಚೆಕ್ಕು ಇದ್ದರೆ ಅದು ಚುರುಕಾದ ದಾರಿ, ಆದರೆ ದಿನಗಳ ಲೆಕ್ಕ ತಪ್ಪಬಾರದು. ಚೆಕ್ಕಿನ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ವಾಪಸಾದ ಮಾಹಿತಿ ಬಂದ 30 ದಿನದೊಳಗೆ ಲಿಖಿತ ನೋಟಿಸು ಕೊಡಬೇಕು. ನೋಟಿಸು ತಲುಪಿದ 15 ದಿನದೊಳಗೆ ಹಣ ಬಾರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ದೂರು ಸಲ್ಲಿಸಬೇಕು. ನಿಮ್ಮ ಖಾತೆ ಇರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲೇ ಸಲ್ಲಿಸಬಹುದಾದ್ದರಿಂದ, ಚೆಕ್ಕು ಕೊಟ್ಟವರು ಹೈದರಾಬಾದಿನವರಾದರೂ ಗಂಗಾವತಿಯ ಗುತ್ತಿಗೆದಾರರು ಅಲ್ಲಿಗೆ ಅಲೆಯಬೇಕಾಗಿಲ್ಲ. ಒಂದು ಸೂಕ್ಷ್ಮ ಗಮನಿಸಿ: ಭದ್ರತೆಗೆಂದು ಐದು ಲಕ್ಷದ ಚೆಕ್ಕು ಪಡೆದು, ಆಮೇಲೆ ಎರಡು ಲಕ್ಷ ಬಂದಿದ್ದರೆ, ಐದು ಲಕ್ಷಕ್ಕೇ ಅದನ್ನು ಬ್ಯಾಂಕಿಗೆ ಹಾಕಿದರೆ ಪ್ರಕರಣ ಬೀಳುತ್ತದೆ. ಬಂದ ಹಣವನ್ನು ಚೆಕ್ಕಿನ ಮೇಲೆ ನಮೂದಿಸಬೇಕು, ಇಲ್ಲವೇ ಉಳಿದ ಮೊತ್ತಕ್ಕೆ ಹೊಸ ಚೆಕ್ಕು ಪಡೆಯಬೇಕು.

ಚೆಕ್ಕು ಇಲ್ಲದಿದ್ದರೆ ಹಣ ವಸೂಲಿಯ ದಾವೆ. ಕಟ್ಟಡ ಮತ್ತು ಮೂಲಸೌಕರ್ಯದ ಒಪ್ಪಂದಗಳು 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಡಿ ಬರುತ್ತವೆ, ಮೊತ್ತ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ವಾಣಿಜ್ಯ ನ್ಯಾಯಾಲಯವೇ ವಿಚಾರಿಸುತ್ತದೆ. ತುರ್ತು ತಡೆಯಾಜ್ಞೆ ಬೇಕಾಗಿಲ್ಲದ ಪ್ರಕರಣದಲ್ಲಿ, ದಾವೆಗೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಧ್ಯಸ್ಥಿಕೆಗೆ ಅರ್ಜಿ ಹಾಕುವುದು ಕಡ್ಡಾಯ. ಹಾಗೆ ಮಾಡದೆ ಹೂಡಿದ ದಾವೆ ತಿರಸ್ಕೃತವಾಗುತ್ತದೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಖಚಿತಪಡಿಸಿತು. ಮಧ್ಯಸ್ಥಿಕೆ ನಡೆದ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಬಿಡಲಾಗುತ್ತದೆ. ಇದನ್ನು ಶಾಸ್ತ್ರಕ್ಕೆಂಬಂತೆ ಮುಗಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅಳತೆಯ ವ್ಯತ್ಯಾಸದಂಥ ತಕರಾರುಗಳು ಇಬ್ಬರೂ ಒಪ್ಪುವ ಒಬ್ಬ ಇಂಜಿನಿಯರು ಟೇಪು ಹಿಡಿದರೆ ಒಂದು ಮಧ್ಯಾಹ್ನದಲ್ಲಿ ಬಗೆಹರಿಯುತ್ತವೆ. ಎದುರಿನವರು ಡಿಕ್ರಿಯಿಂದ ತಪ್ಪಿಸಿಕೊಳ್ಳಲೆಂದೇ ಆಸ್ತಿ ಮಾರುತ್ತಿದ್ದಾರೆಂಬುದಕ್ಕೆ ಆಧಾರವಿದ್ದರೆ, ತೀರ್ಪಿಗೆ ಮೊದಲೇ ಜಪ್ತಿ ಕೇಳಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 38ರಲ್ಲಿ ಅವಕಾಶವಿದೆ.

ಉಕ್ಕಿನ ಕಾರ್ಖಾನೆ, ಅಕ್ಕಿ ಗಿರಣಿ, ವಿದ್ಯುತ್ ಸ್ಥಾವರಗಳಿಗೆ ಕೆಲಸ ಮಾಡುವವರು ಉದ್ಯಮ್ ನೋಂದಣಿಯನ್ನು (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಮಾಡುವ ನೋಂದಣಿ) ಕರಾರಿಗೆ ಮೊದಲೇ ಮಾಡಿಸಿಕೊಳ್ಳಬೇಕು. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ, ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಬ್ಯಾಂಕ್ ದರ ಶೇಕಡ 6 ಇದ್ದರೆ ಶೇಕಡ 18 ಆಯಿತು. ಈ ಕಾಯ್ದೆಯಡಿ ಬಾಕಿ ತಕರಾರು ವಿಚಾರಿಸುವ ಮಂಡಳಿಗೆ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್ ಮೂಲಕ ದೂರು ಸಲ್ಲಿಸಬಹುದು. ಮಂಡಳಿಯ ತೀರ್ಪನ್ನು ಪ್ರಶ್ನಿಸಬೇಕಾದರೆ ಎದುರಿನವರು ಶೇಕಡ 75ರಷ್ಟು ಹಣ ಠೇವಣಿ ಇಡಬೇಕು. ಇಷ್ಟು ಬಲವಾದ ರಕ್ಷಣೆ ಬೇರೆಲ್ಲೂ ಇಲ್ಲ. ಆದರೆ ಸಾಮಾನು ಮತ್ತು ಕೂಲಿ ಎರಡೂ ಸೇರಿದ ಕಾಮಗಾರಿ ಗುತ್ತಿಗೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಕೆಲವು ಹೈಕೋರ್ಟುಗಳು ತೀರ್ಪು ಕೊಟ್ಟಿವೆ. ಹಾಗಾಗಿ ಇದೊಂದನ್ನೇ ನೆಚ್ಚಿಕೊಂಡು ದಾವೆಯ ಮೂರು ವರ್ಷ ಕಳೆದುಕೊಳ್ಳಬಾರದು. ಎದುರಿನದು ಕಂಪನಿಯಾಗಿದ್ದು, ತಕರಾರಿಲ್ಲದ ಬಾಕಿ ಒಂದು ಕೋಟಿ ಅಥವಾ ಅದಕ್ಕೂ ಹೆಚ್ಚಿದ್ದರೆ ದಿವಾಳಿ ಸಂಹಿತೆಯ ದಾರಿಯೂ ಉಂಟು.

ಹಣ ಬಾರದ ಸಿಟ್ಟಿನಲ್ಲಿ ಮನೆಗೆ ಬೀಗ ಹಾಕುವುದು, ಕೂಡಿಸಿದ ಬಾಗಿಲು ಕಿತ್ತುಕೊಂಡು ಬರುವುದು ನಮ್ಮ ಕಡೆ ನಡೆಯುತ್ತದೆ. ದುರಸ್ತಿಗೆ ಕೊಟ್ಟ ವಸ್ತುವನ್ನು ಕೂಲಿ ಬರುವವರೆಗೆ ಹಿಡಿದಿಟ್ಟುಕೊಳ್ಳುವ ಹಕ್ಕನ್ನು ಕಾನೂನು ಕುಶಲಕರ್ಮಿಗೆ ಕೊಟ್ಟಿದೆ, ಕಟ್ಟಿದ ಮನೆಯ ಮೇಲೆ ಅಂಥ ಹಕ್ಕನ್ನು ಗುತ್ತಿಗೆದಾರರಿಗೆ ಕೊಟ್ಟಿಲ್ಲ. ಬೀಗ ಹಾಕಿದರೆ ಹಣ ಕೊಡಬೇಕಾದವರೇ ದೂರುದಾರರಾಗಿ, ನೀವು ಠಾಣೆಯಲ್ಲಿ ಕೂರಬೇಕಾಗುತ್ತದೆ.

ಉಪಗುತ್ತಿಗೆ ಹಿಡಿಯುವ ಸೆಂಟ್ರಿಂಗ್, ಬಾರ್ ಬೆಂಡಿಂಗ್, ಟೈಲ್ಸ್ ಕೆಲಸದವರಿಗೆ ಒಂದು ಮಾತು. ನಿಮ್ಮ ಕರಾರು ಮುಖ್ಯ ಗುತ್ತಿಗೆದಾರರ ಜೊತೆ ಇರುವುದರಿಂದ ಮಾಲೀಕರ ಮೇಲೆ ನೇರ ಹಕ್ಕು ಹುಟ್ಟುವುದಿಲ್ಲ. ನೇರವಾಗಿ ಕೊಡಲು ಮಾಲೀಕರು ಒಪ್ಪಿದ್ದರೆ ಮೂವರೂ ಸಹಿ ಮಾಡಿದ ಪತ್ರ ಇರಲಿ. ಮೇಲಿನಿಂದ ಹಣ ಬಂದಿಲ್ಲ ಎಂಬ ಕಾರಣಕ್ಕೆ ಆಳುಗಳ ಕೂಲಿ ತಡೆಯುವ ಹಕ್ಕು ಮಾತ್ರ ಯಾವ ಗುತ್ತಿಗೆದಾರರಿಗೂ ಇಲ್ಲ.

ಆರನೆಯ ಹೆಜ್ಜೆ: ಸರ್ಕಾರಿ ಕಾಮಗಾರಿ

ಸರ್ಕಾರಿ ಕೆಲಸದಲ್ಲಿ ಹಣ ಮುಳುಗುವುದಕ್ಕಿಂತ ನಿಂತುಹೋಗುವುದು ಹೆಚ್ಚು. ಕಾರ್ಯಾದೇಶ ಕೈಗೆ ಬರುವ ಮೊದಲು ಜೆಸಿಬಿ ಇಳಿಸಬಾರದು. ಜಾತ್ರೆ ಬಂತು, ಮಂತ್ರಿಗಳು ಬರುತ್ತಾರೆ, ರಸ್ತೆ ಮಾಡಿಬಿಡಿ, ಆಮೇಲೆ ಎಸ್ಟಿಮೇಟ್ ಹಾಕೋಣ ಎಂಬ ಮಾತಿಗೆ ಸಂವಿಧಾನದ 299ನೆಯ ವಿಧಿಯ ಮುಂದೆ ಬೆಲೆಯಿಲ್ಲ. ರಾಜ್ಯ ಸರ್ಕಾರದ ಕರಾರು ರಾಜ್ಯಪಾಲರ ಹೆಸರಿನಲ್ಲಿ, ನಿಗದಿತ ರೀತಿಯಲ್ಲಿ ಆಗಿರಬೇಕು. ಈಗಾಗಲೇ ಹಾಗೆ ಕೆಲಸ ಮಾಡಿಬಿಟ್ಟವರು ಪೂರ್ತಿ ಕೈಬಿಡಬೇಕಾಗಿಲ್ಲ. ಪಶ್ಚಿಮ ಬಂಗಾಳದಲ್ಲಿ ಅಧಿಕಾರಿಯ ಮಾತಿನಂತೆ ಸರಕು ಸಂಗ್ರಹದ ಶೆಡ್ಡು ಕಟ್ಟಿಕೊಟ್ಟ ಗುತ್ತಿಗೆದಾರ ಸಂಸ್ಥೆಯ ಪ್ರಕರಣದಲ್ಲಿ, ಕರಾರು ಸಿಂಧುವಲ್ಲದಿದ್ದರೂ ಸರ್ಕಾರ ಆ ಕೆಲಸದ ಲಾಭ ಪಡೆದದ್ದರಿಂದ ಕರಾರು ಕಾಯ್ದೆಯ ಕಲಂ 70ರ ಪ್ರಕಾರ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಆದರೆ ಅದು ವರ್ಷಗಟ್ಟಲೆ ಹಿಡಿಯುವ ದಾರಿ.

ಎಂ.ಬಿ. ಪುಸ್ತಕದಲ್ಲಿ (ಇಲಾಖೆಯ ಅಳತೆ ಪುಸ್ತಕ, ಮೆಜರ್‌ಮೆಂಟ್ ಬುಕ್) ಅಳತೆ ಬರೆಯುವ ದಿನ ನೀವು ಸ್ಥಳದಲ್ಲಿರಬೇಕು. ಅಳತೆ ಕಡಿಮೆಯೆನಿಸಿದರೆ ಸಹಿ ಮಾಡುವಾಗಲೇ ಆಕ್ಷೇಪ ಬರೆಯಬೇಕು. ಜಾಗ ಬಿಟ್ಟುಕೊಡದ್ದು, ಕಾಲುವೆಗೆ ನೀರು ಹರಿಸಿದ್ದು ಮುಂತಾದ ಅಡಚಣೆಗಳನ್ನು ಆಯಾ ದಿನವೇ ಪತ್ರದಲ್ಲಿ ತಿಳಿಸಿ, ಅವಧಿ ವಿಸ್ತರಣೆ ಕೇಳುವಾಗಲೇ ನಷ್ಟಕ್ಕೆ ಪರಿಹಾರ ಕೇಳುವ ಹಕ್ಕನ್ನು ಕಾಯ್ದಿರಿಸಿದ್ದೇವೆ ಎಂದು ಬರೆಯಬೇಕು. ಉಸುಕು, ಕಡಿಗೆ ಗಣಿ ಇಲಾಖೆಯ ಸಾಗಣೆ ಪರವಾನಗಿ ಪ್ರತಿಗಳನ್ನು ಕ್ರಷರಿನವರಿಂದ ಲೋಡಿಗೊಂದರಂತೆ ಪಡೆದು ಜೋಡಿಸಿಟ್ಟುಕೊಳ್ಳದಿದ್ದರೆ ಬಿಲ್ಲಿನಲ್ಲಿ ರಾಜಧನ ಕಡಿತವಾಗುತ್ತದೆ. ಬಿಲ್ಲಿನಲ್ಲಿ ಆಗುವ ಇತರ ಕಡಿತಗಳು ಇವು: ಕಾರ್ಮಿಕ ಸೆಸ್ ಶೇಕಡ 1, ಕರಾರು ಎರಡೂವರೆ ಲಕ್ಷ ಮೀರಿದರೆ ಜಿಎಸ್‌ಟಿಯ ಮೂಲ ಕಡಿತ ಶೇಕಡ 2, ಆದಾಯ ತೆರಿಗೆಯ ಕಡಿತ ವ್ಯಕ್ತಿಗಳಿಗೆ ಶೇಕಡ 1, ಸಂಸ್ಥೆಗಳಿಗೆ ಶೇಕಡ 2. ತೆರಿಗೆಯ ಈ ಎರಡೂ ಕಡಿತಗಳು ನಿಮ್ಮದೇ ಹಣ. ಕಡಿದದ್ದು ನಿಮ್ಮ ಖಾತೆಗೆ ಜಮೆಯಾಗಿದೆಯೇ ಎಂದು ಮೂರು ತಿಂಗಳಿಗೊಮ್ಮೆ ಪೋರ್ಟಲ್‌ನಲ್ಲಿ ನೋಡಬೇಕು.

ಬಿಲ್ಲು ನಿಂತಾಗ ಮೊದಲು ಕಾರ್ಯಪಾಲಕ ಇಂಜಿನಿಯರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ನಂತರ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ಎಂ.ಬಿ. ಪುಟಗಳ ಮತ್ತು ಬಿಲ್ಲಿನ ಕಡತದ ಟಿಪ್ಪಣಿಗಳ ದೃಢೀಕೃತ ಪ್ರತಿ ಕೇಳಬೇಕು. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದೊಳಗೆ ಉತ್ತರ ಬರಬೇಕು. ಅಳತೆ ದಾಖಲಾಗಿದೆ, ಬಿಲ್ಲು ಒಪ್ಪಿಗೆಯಾಗಿದೆ, ಹಣ ಮಾತ್ರ ಬಿಡುಗಡೆಯಾಗಿಲ್ಲ ಎಂಬುದು ಆ ಪ್ರತಿಗಳಿಂದ ಕಂಡರೆ ಅರ್ಧ ಪ್ರಕರಣ ಗೆದ್ದಂತೆ. "ಅನುದಾನ ಬಂದಿಲ್ಲ" ಎಂಬ ಉತ್ತರ ನಮ್ಮ ಜಿಲ್ಲೆಗಳಲ್ಲಿ ಸಾಮಾನ್ಯ. ಹಣ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಬರಲಿ, ಜಿಲ್ಲಾ ಖನಿಜ ನಿಧಿಯಿಂದ ಬರಲಿ, ನಿಮ್ಮ ಜೊತೆ ಕರಾರು ಮಾಡಿಕೊಂಡವರು ಯಾರೋ ಅವರೇ ಹೊಣೆಗಾರರು.

ಒಪ್ಪಿಗೆಯಾದ ಬಿಲ್ಲಿಗೆ, ಸಂಗತಿಗಳಲ್ಲಿ ವಿವಾದವಿಲ್ಲದಿದ್ದರೆ, ರಿಟ್ ಅರ್ಜಿ ಹಾಕಬಹುದು. ಬಳ್ಳಾರಿ ಮತ್ತು ಕೊಪ್ಪಳದವರು ಹೈಕೋರ್ಟಿನ ಧಾರವಾಡ ಪೀಠಕ್ಕೆ, ರಾಯಚೂರಿನವರು ಕಲಬುರಗಿ ಪೀಠಕ್ಕೆ ಹೋಗಬೇಕು. ಅಳತೆಯಲ್ಲೇ ತಕರಾರಿದ್ದರೆ ರಿಟ್ ನಿಲ್ಲುವುದಿಲ್ಲ, ದಾವೆಯೇ ದಾರಿ. ರಾಜ್ಯ ಸರ್ಕಾರದ ವಿರುದ್ಧ ದಾವೆಗೆ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 80ರಂತೆ ಸರ್ಕಾರದ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು. ಆ ಎರಡು ತಿಂಗಳು ಕಾಲಮಿತಿಯ ಲೆಕ್ಕಕ್ಕೆ ಬರುವುದಿಲ್ಲ.

ಕೊನೆಯ ಹೆಜ್ಜೆ: ಠೇವಣಿ

ಬಿಲ್ಲುಗಳಲ್ಲಿ ಹಿಡಿದ ಭದ್ರತಾ ಠೇವಣಿಯನ್ನು ದೋಷ ಹೊಣೆಗಾರಿಕೆಯ ಅವಧಿ, ಅಂದರೆ ಕೆಲಸದಲ್ಲಿ ಕಂಡ ದೋಷವನ್ನು ನೀವೇ ಸರಿಪಡಿಸಬೇಕಾದ ಅವಧಿ, ಮುಗಿದ ಮೇಲೆ ಇಲಾಖೆ ವಾಪಸು ಕೊಡಬೇಕು. ಆ ಅವಧಿ ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರದಲ್ಲಿನ ದಿನಾಂಕದಿಂದ ಎಣಿಕೆಯಾಗುವುದರಿಂದ, ಕೆಲಸ ಮುಗಿದ ವಾರವೇ ಆ ಪ್ರಮಾಣಪತ್ರ ಕೇಳಿ ಪಡೆಯಬೇಕು. ಅವಧಿ ಮುಗಿಯುವ ಒಂದು ತಿಂಗಳು ಮೊದಲು ಜಂಟಿ ಪರಿಶೀಲನೆಗೆ ಕರೆಯುವ ಪತ್ರ ಕೊಡಿ, ಬಿರುಕೋ ಸೋರಿಕೆಯೋ ಇದ್ದರೆ ಸರಿಪಡಿಸಿ ಫೋಟೊ ತೆಗೆದು, ಸರಿಯಾಗಿದೆ ಎಂಬ ಬರಹ ಪಡೆಯಿರಿ. ಬ್ಯಾಂಕ್ ಗ್ಯಾರಂಟಿ ಕೊಟ್ಟಿದ್ದರೆ ಅವಧಿ ಮುಗಿದೊಡನೆ ಅದರ ಮೂಲ ಪ್ರತಿಯನ್ನು ವಾಪಸು ಕೇಳಬೇಕು. ಮೋಸ ಅಥವಾ ಸರಿಪಡಿಸಲಾಗದ ಅನ್ಯಾಯ ಎದ್ದು ಕಾಣುವ ಸಂದರ್ಭದ ಹೊರತು, ಗ್ಯಾರಂಟಿಯ ಹಣ ಎಳೆದುಕೊಳ್ಳುವುದನ್ನು ನ್ಯಾಯಾಲಯಗಳು ತಡೆಯುವುದಿಲ್ಲ. ಠೇವಣಿಗೂ ಅದು ಸಲ್ಲಬೇಕಾದ ದಿನದಿಂದ ಮೂರು ವರ್ಷವೇ ಗಡುವು. ಇಂಜಿನಿಯರು ವರ್ಗವಾಗಿ ಹೋಗಿ, ಕಡತ ಇನ್ನೊಂದು ಟೇಬಲ್ಲಿಗೆ ಸರಿದು, ಎಷ್ಟೋ ಜನರ ಠೇವಣಿ ಹಣ ಹೀಗೆ ಉಳಿದುಹೋಗಿದೆ. ಇಂದೇ ಹಳೆಯ ಕಡತಗಳನ್ನು ತೆಗೆದು, ಪ್ರತಿಯೊಂದರ ರಟ್ಟಿನ ಮೇಲೆ ಠೇವಣಿ ಬರಬೇಕಾದ ದಿನವನ್ನೂ ದಾವೆಯ ಕೊನೆಯ ದಿನವನ್ನೂ ದೊಡ್ಡ ಅಕ್ಷರದಲ್ಲಿ ಬರೆಯಿರಿ.